ನಾಲ್ಕನೆಯದಕ್ಕೆ ಇಟ್ಟ ಕಾಯಿ

ಆವಾಗ ನಮ್ಮ ಸೀಮೆಯಲ್ಲಿ ಅಟ್ಟ ಇಲ್ಲದ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ. ತಿಪಟೂರಿನ ಸುತ್ತ ಯಾರ ಮನೆಗೆ ಹೋದರೂ ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ಕಾಯಿ. ವರ್ಷ ತುಂಬೋ ಹೊತ್ತಿಗೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗಬೇಕು. ಆಗಿದೆಯೋ ಇಲ್ಲವೋ ಅಂತ ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸೋದು. ಲೊಡಲೊಡ ಅಂದರೆ ಆಯಿತು. ನಮ್ಮ ಮನೆಗಳಲ್ಲಿ ಲೊಡಲೊಡ ಅನ್ನೋದು ಒಳ್ಳೇ ಸದ್ದು.

ನನಗೆ ಹತ್ತು ವರ್ಷ. ಮೂರನೇ ಕ್ಲಾಸಿಗೇ ಸ್ಕೂಲು ಬಿಡಿಸಿದ್ದರು. ಕಾಯಿ ಕೇಳೋದರಲ್ಲಿ ಮಾತ್ರ ನನ್ನ ಮೀರಿಸೋರು ಮನೆಯಲ್ಲಿ ಇರಲಿಲ್ಲ. ಅದಕ್ಕೇ ಚಿಕ್ಕಪ್ಪ ನನ್ನ 'ಕಾಯ್ಕಿವಿ' ಅಂತ ಕರೆಯೋನು.

ಚಿಕ್ಕಪ್ಪನಿಗೆ ತೋಟದ ಮೇಲೆ ಮನಸ್ಸಿರಲಿಲ್ಲ. ಅವನಿಗೆ ಇದ್ದದ್ದು ಎರಡು ಹುಚ್ಚು. ಒಂದು ಡಬ್ಬಿ ಕ್ಯಾಮೆರಾ, ಇನ್ನೊಂದು ಯಾರೋ ಓಡಿಸಿ ಬಿಟ್ಟಿದ್ದ ಹಳೇ ಕರೀ ಕಾರು. ಬೆಳಿಗ್ಗೆ ಕಾರಿನ ಕೆಳಗೆ ಮಲಗಿದರೆ ಕಾಲು ಮಾತ್ರ ಕಾಣೋದು. ಮಧ್ಯಾಹ್ನ ಅಟ್ಟದ ಕೆಳಗಿನ ಕತ್ತಲೆ ಕೋಣೆ ಸೇರಿ, ಬಲ್ಬಿಗೆ ಕೆಂಪು ಕಾಗದ ಸುತ್ತಿ, ತಟ್ಟೆಯಲ್ಲಿ ಫೋಟೋ ತೊಳೆಯೋನು. ಮೇಲಿಂದ ಕೊಬ್ಬರಿ ವಾಸನೆ, ಕೆಳಗೆ ಆ ಔಷಧಿಯ ಹುಳಿ ವಾಸನೆ. ಬಿಳೀ ಕಾಗದದ ಮೇಲೆ ಮೊದಲು ಕಣ್ಣು ಬರೋದು, ಆಮೇಲೆ ಮುಖ. ಕೆರೆಗೆ ಬಿದ್ದೋರು ಮೇಲೆದ್ದು ಬಂದಂಗೆ. ನನಗೆ ಅದು ಹಿಡಿಸುತ್ತಿರಲಿಲ್ಲ. ಆದರೂ ಹೋಗಿ ನಿಂತು ನೋಡುತ್ತಿದ್ದೆ.

ಅಜ್ಜಿ ಬಯ್ಯೋಳು: "ಜೀವ ಎಲ್ಲ ಕಾರಿಗೆ ಕೊಟ್ಟೆ, ಆಯಸ್ಸೆಲ್ಲ ಫೋಟೋಗೆ ಕೊಟ್ಟೆ. ಹೆಂಡ್ರಿಗೆ ಏನು ಉಳಿಸ್ತೀಯ ಕಣ್ಲಾ?"

"ನಿನ್ನನ್ನ ಉಳಿಸ್ತೀನಿ ಕಣವ್ವ" ಅನ್ನೋನು ಅವನು. ಚಿಕ್ಕಮ್ಮ ಒಲೆ ಮುಂದೆ ಸೆರಗು ಬಾಯಿಗಿಟ್ಟುಕೊಂಡು ನಗೋಳು.

ಅವರೆಕಾಯಿ ಕಾಲದಲ್ಲಿ ಒಂದು ಸಲ, ಅರಳಗುಪ್ಪೆ ಗುಡಿಯ ಮೇಲ್ಚಾವಣಿಯ ಕೆತ್ತನೆ ಫೋಟೋ ಹಿಡಿಯಬೇಕು ಅಂತ ಹೊರಟ. ಜೊತೆಗೆ ಚಿಕ್ಕಮ್ಮ, ನಾನು. ಹೊರಡೋ ಹೊತ್ತಿಗೆ ಮುಂದಿನ ಚಕ್ರ ಪಂಕ್ಚರ್. ಅವನೇ ಕೂತು ಬೇರೆ ಚಕ್ರ ಹಾಕಿದ.

"ಬಿಸಿಲೇರ್ತದೆ ಬನ್ರೀ" ಅಂತ ಚಿಕ್ಕಮ್ಮನ ಅವಸರ.

"ಆಯ್ತು ಕಣೇ, ಬಂದೆ" ಅಂತ ಅವನು ನಟ್ಟು ತಿರುಗಿಸೋ ಪಾನ ಬಿಸಾಕಿ ಕೈ ತೊಳೆಯೋಕೆ ಎದ್ದ. ನಟ್ಟುಗಳನ್ನೆಲ್ಲ ಕೊನೇ ಸುತ್ತು ಬಿಗಿ ಮಾಡಿದ್ದನೋ ಇಲ್ಲವೋ ನಾನು ನೋಡಲಿಲ್ಲ.

ಅಜ್ಜಿ ಅಡ್ಡ ಬಂದಳು. "ಮೂರು ಜನ ಹೊಸ್ಲು ದಾಟಬ್ಯಾಡ್ರಿ, ನಿಲ್ರಿ." ಅಟ್ಟದಿಂದ ಒಂದು ಸುಲಿದ ಕಾಯಿ ತಂದು ನನ್ನ ಮಡಿಲಿಗೆ ಹಾಕಿದಳು. ಮೂರು ಜನ ಹೊರಟರೆ ಕಲ್ಲೋ ಕಾಯೋ ಸೇರಿಸಿ ನಾಲ್ಕು ಮಾಡೋದು ಅವಳ ಪದ್ಧತಿ. "ಇದು ನಾಲ್ಕನೇದು ಕಣೇ. ಮನೆಗೆ ಬರೋಗಂಟ ಇದನ್ನ ಬುಡಬ್ಯಾಡ."

"ಇದಕ್ಕೂ ಒಂದು ಸೀಟು ಬಿಡಬೇಕಾ ಅವ್ವ?" ಅಂತ ಚಿಕ್ಕಪ್ಪ ನಕ್ಕ.

ಹೋದ ಮೂವರಲ್ಲಿ ವಾಪಸ್ ಬಂದದ್ದು ಇಬ್ಬರು.

ದಾರಿಯಲ್ಲಿ ಕಾಯಿ ಭಾರ ಅನ್ನಿಸಿ ಕಾಲಬುಡಕ್ಕೆ ಹಾಕಿದೆ. ಹಳ್ಳದಲ್ಲಿ ಕಾರು ಕುಲುಕಿದಾಗೆಲ್ಲ ಲೊಡಲೊಡ.

"ಏನೇ ಅದು ಸದ್ದು?" ಅಂದ ಚಿಕ್ಕಪ್ಪ.

"ನಿಮ್ಮವ್ವ ಕೊಟ್ಟ ಕಾಯಿ ಕಣ್ರೀ" ಅಂದಳು ಚಿಕ್ಕಮ್ಮ.

ಸಣ್ಣ ಸದ್ದಾದರೂ ಇಳಿದು ನೋಡೋ ಮನುಷ್ಯ. ಅವತ್ತು ನಕ್ಕು ಸುಮ್ಮನಾದ.

ಗುಡಿಯೊಳಗೆ ಕತ್ತಲೆ. ಚಿಕ್ಕಮ್ಮ ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಚಾವಣಿಗೆ ಬಿಡೋಳು, ಅವನು ಕೆಳಗೆ ಅಂಗಾತ ಮಲಗಿ ಫೋಟೋ ಹಿಡಿಯೋನು. ಬಲು ಹೊತ್ತಾಯಿತು. ನಾನು ಹೊರಗೆ ಕಾರಿನ ಹತ್ತಿರ ಒಬ್ಬಳೇ. ಹಸಿವು. ಕಾಯಿ ಕಲ್ಲಿಗೆ ಎರಡು ಸಲ ಕುಕ್ಕಿದೆ. ಚಿಪ್ಪು ಒಡೆದು ಗಿಟುಕು ಹೊರಗೆ ಬಂತು. ತಿಂದೆ. ಉಳಿದದ್ದನ್ನು, ಚಿಪ್ಪನ್ನು ಬೇಲಿಗೆಸೆದೆ.

ಕೊನೇ ತುಂಡು ಬಾಯಲ್ಲಿರುವಾಗ ಅವರು ಬಂದರು. "ರೀಲಲ್ಲಿ ಒಂದೇ ಒಂದು ಫೋಟೋ ಉಳಿದೈತೆ, ಕಾರಿನ ಹತ್ರ ನಿಂತ್ಕೊಳ್ರಿ" ಅಂದ ಚಿಕ್ಕಪ್ಪ. ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡಳು. ನಾನು ಬಾಯಿ ಬಿಡಲಿಲ್ಲ.

ವಾಪಸ್ ಬರುವಾಗ ಸ್ವಲ್ಪ ದೂರ ಏನೂ ಸದ್ದಿಲ್ಲ. ಆಮೇಲೆ ಶುರುವಾಯಿತು. ಲೊಡಲೊಡ.

ಚಿಕ್ಕಪ್ಪ ಹಿಂದೆ ತಿರುಗಿದ. "ಕಾಯ್ಕಿವಿ, ಕಾಯೇ ತಾನೇ ಅದು?"

ಕಾಯಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಲ್ಲ ಅಂದರೆ ಕಾಯಿ ಎಲ್ಲಿ ಅಂತಾರೆ. ಅಜ್ಜಿಗೆ ಹೇಳ್ತಾರೆ.

"ಹೂಂ" ಅಂದೆ.

"ಎತ್ತಿ ಮಡಿಲಲ್ಲಿ ಇಟ್ಕೊಳ್ಳೇ, ಅತ್ತೆ ಬಯ್ತಾರೆ" ಅಂದಳು ಚಿಕ್ಕಮ್ಮ. ನಾನು ಬಗ್ಗಿ, ಎತ್ತಿದಂಗೆ ಮಾಡಿದೆ. ಸದ್ದು ನಿಲ್ಲಲಿಲ್ಲ, ಜಾಸ್ತಿಯಾಯಿತು. ಕೆರೆ ಏರಿ ಮೇಲೆ ಬಂದಾಗ ಒಂದು ಚಕ್ರ ನಮ್ಮನ್ನು ದಾಟಿ ಮುಂದೆ ತಾನೇ ಉರುಳಿಕೊಂಡು ಹೋಗೋದು ಕಂಡಿತು. ನಮ್ಮದೇ ಚಕ್ರ. ಕಾರು ಚಿಕ್ಕಮ್ಮ ಕೂತ ಮಗ್ಗುಲಿಗೆ ಏರಿಯಿಂದ ಕೆಳಕ್ಕೆ ಮಗುಚಿತು.

ಚಿಕ್ಕಪ್ಪನ ತೋಳು ಮುರಿಯಿತು. ನನಗೆ ಮಂಡಿ ತರಚಿತು. ಚಿಕ್ಕಮ್ಮ ಅಲ್ಲೇ ಹೋದಳು.

ತಿಥಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ಕತ್ತಲೆ ಕೋಣೆಗೆ ಹೋದ. ಒಂದೇ ಕೈಯಲ್ಲಿ ಫೋಟೋ ತೊಳೆಯೋಕೆ ಆಗದೆ ನನ್ನ ಕರೆದ. ತಟ್ಟೆ ನಾನೇ ಅಲ್ಲಾಡಿಸಿದೆ. ಮೊದಲು ಚಿಕ್ಕಮ್ಮನ ಕಣ್ಣು ಬಂತು, ನಗು ಬಂತು. ಆಮೇಲೆ ಪಕ್ಕದಲ್ಲಿ ನಾನು. ಒಂದು ಕೆನ್ನೆ ಉಬ್ಬಿತ್ತು. ಕಾಲ ಹತ್ತಿರ ಒಂದು ಚೂರು ಚಿಪ್ಪು.

ಬಲು ಹೊತ್ತು ನೋಡಿದ. "ಬಾಯಲ್ಲಿ ಏನಿತ್ತು?" ಅಂದ.

"ಕೊಬ್ಬರಿ."

ಅವನು ಅದನ್ನ ತಟ್ಟೆಯಿಂದ ಎತ್ತಿ ಒಣಗೋಕೆ ಹಾಕಿದ. ಫೋಟೋ ಒಣಗಿದ ಮೇಲೆ ಕತ್ತರಿ ತಗೊಂಡು ನನ್ನನ್ನು ಕತ್ತರಿಸಿ ತೆಗೆದ. ಚಿಕ್ಕಮ್ಮನಿಗೆ ಮಾತ್ರ ಗಾಜಿನ ಕಟ್ಟು ಹಾಕಿಸಿದ. ಕೋಪಕ್ಕೆ ಹಾಗೆ ಮಾಡಿದನೋ, ನನ್ನ ಉಬ್ಬಿದ ಕೆನ್ನೆ ಮನೆಯೋರ ಕಣ್ಣಿಗೆ ಬೀಳದಿರಲಿ ಅಂತಲೋ, ಕೇಳೋ ಧೈರ್ಯ ನನಗೆ ಬರಲಿಲ್ಲ. ಆಮೇಲೆ ಅವನು ಕಾರೂ ಮುಟ್ಟಲಿಲ್ಲ, ಕ್ಯಾಮೆರಾನೂ ಮುಟ್ಟಲಿಲ್ಲ. ತೋಟಕ್ಕೆ ಹೋದ, ಬಂದ, ಉಂಡ. ಅಷ್ಟೇ. ಅವನೂ ಹೋಗಿ ಬಹಳ ವರ್ಷ ಆಯಿತು.

ಈಗ ಅಟ್ಟ ಕೆಡವಿ ತಾರಸಿ ಹಾಕಿದ್ದಾರೆ. ಮೊಮ್ಮಕ್ಕಳು ಉಣ್ಣೋ ತಟ್ಟೆಯನ್ನೂ ಫೋಟೋ ಹಿಡೀತಾರೆ. ಕಾರು ಬಂದರೆ ಸದ್ದೇ ಇಲ್ಲ. ನನ್ನ ಕಿವಿಯೂ ಹೋಗಿದೆ, ಕಾಯಿ ಹಿಡಿದು ಅಲ್ಲಾಡಿಸಿದರೆ ಆಗಿದೆಯೋ ಇಲ್ಲವೋ ತಿಳಿಯೋದಿಲ್ಲ. ಅದಕ್ಕೆಲ್ಲ ನನಗೆ ಬೇಜಾರಿಲ್ಲ.

ಚಿಕ್ಕಮ್ಮನ ಫೋಟೋ ಇನ್ನೂ ಗೋಡೆ ಮೇಲಿದೆ. ಕತ್ತರಿ ಸರಿಯಾಗಿ ಓಡಿಲ್ಲ. ಅವಳ ಮುಷ್ಟಿಯಲ್ಲಿ ನನ್ನ ನಾಲ್ಕು ಬೆರಳು ಉಳಿದುಕೊಂಡಿವೆ. ಚಿಕ್ಕಪ್ಪ ಸಾಯೋವರೆಗೂ ನನ್ನನ್ನು ಹೆಸರು ಹಿಡಿದೇ ಕರೆದ. ಕಾಯ್ಕಿವಿ ಅಂತ ಒಂದು ಸಲವೂ ಕರೆಯಲಿಲ್ಲ.