ಅಂಬಾರಾಯನ ಅರೆಬರೆ ಚಿಕ್ಕಿ

ಇಜೇರಿಯ ಅಂಬಾರಾಯ ಹಡಗಿನ ಕೆಲಸದಿಂದ ಊರಿಗೆ ಮರಳಿದ್ದು ೧೯೪೨ರ ದೀಪಾವಳಿಗೆ ಸ್ವಲ್ಪ ಮೊದಲು. ಕಲಬುರ್ಗಿಯ ತನಕ ರೈಲು, ಅಲ್ಲಿಂದ ಯಾರದೋ ಹತ್ತಿಯ ಬಂಡಿ, ಭೀಮಾ ದಾಟಿದ ಮೇಲೆ ನಡಿಗೆ. ಹೊಸ್ತಿಲ ಬಳಿ ತಗಡಿನ ಪೆಟ್ಟಿಗೆ ಇಳಿಸಿ, ಹೆಂಡತಿ ಭಾಗಮ್ಮ ಕೊಟ್ಟ ನೀರು ಕುಡಿದು, ಗೋಡೆಗೆ ಒರಗಿದವನು ಕುಳಿತಲ್ಲೇ ನಿದ್ದೆಹೋದ.

ಅವನ ಬಲಗೈ ಮೇಲ್ಮುಖವಾಗಿ ಬಿದ್ದಿತ್ತು. ಮೊಣಕೈಯ ಕೆಳಗೆ ಐದು ಮೂಲೆಯ ಚಿಕ್ಕಿಯ, ಅಂದರೆ ನಕ್ಷತ್ರದ, ಹಚ್ಚೆ. ಒಂದೊಂದು ಮೂಲೆಯನ್ನೂ ನಡುವೆ ಗೆರೆ ಎಳೆದು ಸೀಳಿದ್ದರು; ಗೆರೆಯ ಈಚೆ ಕಪ್ಪು, ಆಚೆ ಬರೀ ಚರ್ಮ. ಅದು ಅರ್ಧಕ್ಕೆ ಬಿಟ್ಟ ಹಚ್ಚೆಯೆಂದು ಭಾಗಮ್ಮ ಹೆದರಿದಳು.

ನಮ್ಮ ಕಡೆ ಹಚ್ಚೆ ಹೆಣ್ಣುಮಕ್ಕಳ ಸಹನೆಯ ಪರೀಕ್ಷೆ. ಮದುವೆಗೆ ಮೊದಲು ಹುಡುಗಿಯನ್ನು ಹಚ್ಚೆಯವಳ ಮುಂದೆ ಕೂರಿಸುತ್ತಾರೆ. ಸೂಜಿಯ ಉರಿ ತಾಳದೆ ನಡುವೆ ಎದ್ದುಬಿಟ್ಟರೆ ಹಚ್ಚೆ ಹಾಗೇ ಉಳಿಯುತ್ತದೆ, ಅತ್ತೆಯ ಮನೆಯವರು ಮೊದಲು ನೋಡುವುದೂ ಅದನ್ನೇ. ಭಾಗಮ್ಮನ ಎಡಗೈಯಲ್ಲಿ ತುಳಸಿಯ ಕಟ್ಟೆ ಇತ್ತು, ತುಳಸಿ ಇರಲಿಲ್ಲ. ಅತ್ತೆ ಸಾಯುವ ತನಕ ಅವಳನ್ನು ಕರೆದದ್ದು ‘ಅರ್ಧಕ್ಕ ಎದ್ದಾಕಿ’ ಎಂದೇ. ಅರ್ಧ ಬಿಟ್ಟ ಹಚ್ಚೆ, ತಾನು ಶುರುವಾದ ಜಾಗಕ್ಕೆ, ಮನುಷ್ಯನನ್ನು ಮತ್ತೆ ಎಳೆದೊಯ್ಯುತ್ತದೆ ಎಂಬ ಮಾತೂ ಇತ್ತು. ವರ್ಷಗಟ್ಟಲೆ ಕಂಡವರ ಹೊಲದಲ್ಲಿ ಕಳೆ ಕಿತ್ತು ಒಬ್ಬಳೇ ಬದುಕಿದ್ದ ಭಾಗಮ್ಮನನ್ನು ಹೆದರಿಸಿದ್ದು ಈ ಎರಡನೆಯ ಮಾತು.

“ಇನ್ನ ಹೋಗಂಗಿಲ್ಲಲ್ಲ?” ಎಂದು ಎರಡು ದಿನ ಬಿಟ್ಟು ಕೇಳಿದಳು.

“ನೋಡಮ,” ಎಂದ.

ಆಮೇಲೆ ಎಷ್ಟು ಸಲ ಕೇಳಿದರೂ ನೋಡೋಣವೆಂಬ ಅದೇ ಉತ್ತರ.

ಹಡಗಿನಲ್ಲಿ ಅವನದು ಕಲ್ಲಿದ್ದಲನ್ನು ಒಲೆಗೆ ಎಸೆಯುವ ಕೆಲಸ. ಊರಿಗೆ ಬಂದ ಮೇಲೆ ಅಡುಗೆಯ ಒಲೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಜಗದೇವಪ್ಪಗೌಡನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದ, ಬಂದು ರೊಟ್ಟಿ ತಿಂದು ಅಂಗಳದಲ್ಲಿ ಕೂರುತ್ತಿದ್ದ. ಯಾರಾದರೂ ಮಾತಾಡಿಸಿದರೆ ಉತ್ತರ ಬರಲು ಹೊತ್ತು ಹಿಡಿಯುತ್ತಿತ್ತು. ಚಿಕ್ಕಿಯ ಬಗ್ಗೆ ಮಾತ್ರ ಒಮ್ಮೆ ಹುಡುಗರಿಗೆ ಹೇಳಿದ್ದ: “ಇದು ಜಹಾಜದವರ ಚಿಕ್ಕಿ. ದರ್ಯಾದಾಗ ಚಿಕ್ಕಿ ನೋಡೇ ದಾರಿ ಹಿಡೀತಾರ. ಇದು ಕೈಮ್ಯಾಲಿದ್ದಾಂವ ಮನಿ ಮುಟ್ತಾನಂತ.”

ಅಷ್ಟೇ ಸಾಕಾಯಿತು. ಹಚ್ಚೆ ಹಾಕುವ ಸಾಬವ್ವ ಆ ಚಳಿಗಾಲ ಬಂದಾಗ ಹುಡುಗರು ಅಂಗಿಯ ತೋಳು ಮಡಚಿ ಸಾಲುಗಟ್ಟಿದರು. ಅವಳು ಅಂಬಾರಾಯನ ಚಿಕ್ಕಿ ನೋಡಿ, ಯಾರೋ ಕೆಲಸ ಮುಗಿಸದೆ ಬಿಟ್ಟಿದ್ದಾರೆಂದುಕೊಂಡು, ಎಲ್ಲರಿಗೂ ಪೂರಾ ಕಪ್ಪು ತುಂಬಿಕೊಟ್ಟಳು. ಇಜೇರಿಯಿಂದ ನೆಲೋಗಿಗೆ, ಅಲ್ಲಿಂದ ಜೇವರ್ಗಿಯ ಸಂತೆಗೆ, ಚಿಕ್ಕಿ ಹಬ್ಬಿತು. ಅರ್ಧ ಖಾಲಿ ಇದ್ದದ್ದು ಅಂಬಾರಾಯನದೊಂದೇ.

ಸೀತನಿಯ ದಿನಗಳು ಬಂದವು. ಗೌಡನ ಹೊಲದಲ್ಲಿ ಎಳೆ ಜೋಳದ ತೆನೆಗಳನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಬಡಿದು, ಶೇಂಗಾ ಹಿಂಡಿಯೊಡನೆ ತಿನ್ನುತ್ತಿದ್ದರು. ಗೌಡನ ಮನೆಯವರ ಬೆಂಕಿ ಬೇರೆ, ಕೂಲಿಯವರ ಬೆಂಕಿ ಬೇರೆ. ಅಂಬಾರಾಯ ಎರಡರಿಂದಲೂ ದೂರ, ಬದುವಿನ ಮೇಲೆ ಕುಳಿತಿದ್ದ.

“ಯಾಕಲೇ ಅಂಬ್ಯಾ, ಅಷ್ಟು ದೂರ? ಬೆಂಕಿ ಕಡೀತದೇನು?” ಜಗದೇವಪ್ಪ ಕೂಗಿದ.

“ಇಲ್ಲೇ ಆರಾಮ ಅದರಿ ಗೌಡ್ರ.”

ಕೂಲಿಯ ಹುಡುಗ ಗುರಣ್ಣ ತನ್ನ ತೋಳೆತ್ತಿ ತೋರಿಸಿದ. “ಅಂವಗ ಬೆಂಕೀನೂ ಆಗಂಗಿಲ್ಲ, ಸೂಜೀನೂ ಆಗಂಗಿಲ್ರಿ. ನಂದು ನೋಡ್ರಿ, ಪೂರಾ ಅದ! ಇಂವ ನಡಬರಕ ಎದ್ದು ಓಡಿಬಂದಾನ.”

ತೆನೆ ಬಡಿಯುತ್ತಿದ್ದ ಮುದುಕಿ ಚಂದಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. “ಜೋಡಿ ಛಲೋ ಕೂಡ್ಯಾದ ಬಿಡ್ರಿ. ಹೆಂಡ್ತಿ ತುಳಸಿ ಬಿಟ್ಟು ಎದ್ದಳು, ಗಂಡ ಚಿಕ್ಕಿ ಬಿಟ್ಟು ಎದ್ದ!”

ಅಂಬಾರಾಯ ಅಂಗಿಯ ತೋಳನ್ನು ಕೆಳಗೆಳೆದುಕೊಂಡ.

ಕೂಲಿಯವರ ಬೆಂಕಿಯ ಬಳಿ ಕುಳಿತು ಎಲ್ಲ ಕೇಳಿದ್ದ ಭಾಗಮ್ಮ ಮನೆಗೆ ಹೋಗುವಾಗ ಅಂದಳು, “ತುಂಬಿಸಿಬಿಡು ಅದನ್ನ. ಸಾಬವ್ವ ನೆಲೋಗ್ಯಾಗ ಇದ್ದಾಳಂತ.”

“ಬ್ಯಾಡ. ಅದು ಇರೋದೇ ಹಂಗ.”

“ಹಂಗೇ ಬಿಟ್ರ ನೀ ಮತ್ತ ಹೋಗ್ತಿ.”

ಅವನು ನಿಂತ. “ಯಾರಂದ್ರು?”

“ಯಾರರೇ ಅನಬೇಕೇನು? ಅರ್ಧ ಬಿಟ್ಟದ್ದು ಎಳಕೊಂಡು ಹೋಗ್ತದ. ನಾ ಇನ್ನೊಮ್ಮಿ ಒಬ್ಬಾಕೇ ಇರಲಾರೆ.”

ವಾದಿಸಲು ಅವನಲ್ಲಿ ತ್ರಾಣ ಇರಲಿಲ್ಲ. “ಕರಿ ಹಂಗಾದ್ರ,” ಎಂದು ಮುಂದೆ ನಡೆದ.

ಸಾಬವ್ವ ಬಂದವಳು ಮೊದಲು ಮೊಣಕಾಲು ಹಿಡಿದು ನರಳಿದಳು. ಬೇವಿನ ಗಿಡದ ಕೆಳಗೆ ಚಾಪೆ ಹಾಸಿ, ದೀಪದ ಮಸಿ ಕಲಸುತ್ತ ಗೊಣಗಿದಳು. “ನಿನ್ನ ಚಿಕ್ಕಿ ನನ್ನ ಜೀವ ತಿಂದದ ನೋಡಪ್ಪ. ಆಳಂದದಾಗ ಅದೇ, ಅಫಜಲಪುರದಾಗ ಅದೇ. ಹನುಮಪ್ಪನ ಹಚ್ಚಿ ಯಾರೂ ಕೇಳವಲ್ರು. ಒಬ್ಬಾಂವ ಚೇಳು ಕಡ್ಯಂಗಿಲ್ಲ ಅಂತಾನ, ಒಬ್ಬಾಂವ ಬಿಟ್ಟಿ ದುಡಿಯಾಕ ಕರ್ಯಂಗಿಲ್ಲ ಅಂತಾನ. ಹವಳಗಾದ ಪೈಲ್ವಾನ ಕುಸ್ತಿ ಗೆಲ್ತೇನಿ ಅಂತ ತೊಡಿಗೆ ಹಾಕಿಸಿಕೊಂಡ. ಸೋತು ಬಂದು ನನಗ ಬೈದು ಹೋದ!”

ಭಾಗಮ್ಮ ನಕ್ಕಳು. ಅಂಬಾರಾಯ ನಗಲಿಲ್ಲ. ಕೈ ಚಾಚಿ ಕುಳಿತ.

ಸೂಜಿಗಳ ಕಟ್ಟು ಚುಚ್ಚುತ್ತ ಹೋಯಿತು. ಒಂದು ಮೂಲೆ ತುಂಬಿತು, ಎರಡನೆಯದು ತುಂಬಿತು. ಖಾಲಿ ಚರ್ಮ ಮಸಿಯ ಕೆಳಗೆ ಮುಚ್ಚಿಹೋಗುವುದನ್ನು ಅವನು ರೆಪ್ಪೆ ಬಡಿಯದೆ ನೋಡುತ್ತಿದ್ದ. ಮೂರನೆಯದು ಮುಗಿಯುತ್ತ ಬಂದಾಗ ಮೆಲ್ಲಗೆ ಅಂದ, “ದಾವೂದನ ಕೈಮ್ಯಾಲೂ ಹಿಂಗೇ ಇತ್ತು.”

“ಯಾವ ದಾವೂದ?” ಭಾಗಮ್ಮ ಕೇಳಿದಳು.

“ರತ್ನಾಗಿರಿಯಾಂವ. ನನ್ನ ಮಗ್ಗಲದಾಗೇ ಕಲ್ಲಿದ್ದಲಿ ಒಗೀತಿದ್ದ. ಕೊಲಂಬೋದಾಗ ಕೂಡೇ ಹಾಕಿಸಿಕೊಂಡಿವಿ. ಜಹಾಜ ಮುಳುಗಿದ ಮ್ಯಾಲ ದರ್ಯಾದ ದಂಡ್ಯಾಗ ಹೆಣ ಸಾಲಾಗಿ ಮಲಗಿಸಿದ್ರು. ಮಾರಿ ಯಾರದೂ ಗುರುತು ಹತ್ತಲಿಲ್ಲ. ಚಿಕ್ಕಿ ನಾಕೈದು ಮಂದಿಗಿತ್ತು. ಹಿಂಗ ಅರ್ಧ ಖಾಲಿ ಇದ್ದದ್ದು ಅಂವಂದೊಂದೇ. ಅದನ್ನ ನೋಡಿ ಅಂದೆ, ಇಂವ ನಮ್ಮಾಂವ ಅಂತ.”

ಹಡಗು ಮುಳುಗಿತ್ತೆಂಬ ಸುದ್ದಿ ಭಾಗಮ್ಮನಿಗೆ ತಿಳಿದದ್ದೇ ಆಗ. ಇಷ್ಟು ತಿಂಗಳು ಒಂದೇ ಸೂರಿನಡಿ ಇದ್ದೂ ಅವನು ಬಾಯಿ ಬಿಟ್ಟಿರಲಿಲ್ಲ. ಸಾಬವ್ವ ನಾಲ್ಕನೆಯ ಮೂಲೆಗೆ ಸೂಜಿ ಎತ್ತಿದಳು. ಭಾಗಮ್ಮ ಅವಳ ಮಣಿಕಟ್ಟು ಹಿಡಿದಳು.

“ಸಾಕು ಬಿಡಬೇ.”

“ಏ ಹುಚ್ಚಿ, ನಡಬರಕ ನಿಂದ್ರಸಬಾರದು. ನಿನಗೇ ಗೊತ್ತದಲ್ಲ?”

“ಗೊತ್ತದ. ನಂದೂ ನಡಬರಕ ನಿಂತದ. ಬಾಳೇ ಮಾಡೇನಿ.”

“ಇಂವ ಎದ್ದು ಹೋದ್ರ?”

ಭಾಗಮ್ಮ ಗಂಡನ ಕಡೆ ತಿರುಗಿದಳು. “ಹೋಗ್ತಿಯೇನು?”

ಅಂಬಾರಾಯ ತುಂಬದೆ ಉಳಿದ ಎರಡು ಮೂಲೆಗಳ ಮೇಲೆ ಬೆರಳಾಡಿಸಿದ. ತೋಳಿನಿಂದ ಸಣ್ಣಗೆ ರಕ್ತ ಜಿನುಗುತ್ತಿತ್ತು.

“ದಣದೇನಿ ಬೇ,” ಎಂದ.

ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಆದರೆ ‘ನೋಡಮ’ ಎಂದಿರಲಿಲ್ಲ. ಭಾಗಮ್ಮ ಒಳಗೆ ಹೋಗಿ ಅರಿಶಿನ, ಔಡಲೆಣ್ಣೆ ತಂದು ಗಾಯಕ್ಕೆ ಹಚ್ಚಿದಳು.

ಹೀಗೆ ಮೂರು ಮೂಲೆ ಪೂರಾ ಕಪ್ಪಾಗಿ, ಎರಡು ಮೂಲೆ ದಾವೂದನದರಂತೆಯೇ ಉಳಿದವು. ಅಂಬಾರಾಯ ನಡುವೆ ಎದ್ದವನೆಂದು ಊರು ಆಡಿಕೊಂಡದ್ದು ಈಗ ನಿಜವೇ ಆಗಿತ್ತು. ಗುರಣ್ಣ ಅದನ್ನು ಜೇವರ್ಗಿಯ ಸಂತೆಯವರೆಗೂ ಹೇಳಿಕೊಂಡು ಬಂದ. ಮಳೆಗಾಲ ಬಂತು, ಬಿತ್ತನೆ ಆಯಿತು. ಹೊಸ್ತಿಲ ಒಳಗಿನ ಅವನ ತಗಡಿನ ಪೆಟ್ಟಿಗೆಯಲ್ಲಿ ಭಾಗಮ್ಮ ಕೂಲಿಯ ಜೋಳ ತುಂಬಿಟ್ಟಳು, ಅವನು ಬೇಡವೆನ್ನಲಿಲ್ಲ.

ಮರುವರ್ಷದ ಸೀತನಿಗೂ ಅವನು ಬದುವಿನ ಮೇಲೆಯೇ ಕುಳಿತಿದ್ದ. ಚಂದಮ್ಮ ಏನೋ ಅಂದಳು, ಎಲ್ಲರೂ ನಕ್ಕರು. ಭಾಗಮ್ಮ ಬಿಸಿ ಕಾಳನ್ನು ಸೆರಗಿಗೆ ಸುರಿದುಕೊಂಡು ಬೆಂಕಿಯ ಬಳಿಯಿಂದ ಎದ್ದಳು. ಬದುವಿಗೆ ಹೋಗಿ ಅವನ ಪಕ್ಕ ಕುಳಿತು ಸೆರಗು ಬಿಚ್ಚಿದಳು.

“ಆರ್ತದ. ಜಲ್ದಿ ತಿನ್ನು.”