ಹದಿನೈದನೆಯ ಸಾಲು

ಆ ಪ್ರೊಫೆಸರರ ಮೇಲೆ ಅಂದು ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ಸುಳ್ಳು ಯಾಕೆ ಹೇಳಲಿ?

ಧಾರವಾಡದ ಕಾಲೇಜಿನಲ್ಲಿ ಅವರು ನಮಗೆ ಇಂಗ್ಲಿಷ್ ಕಾವ್ಯ ಕಲಿಸುತ್ತಿದ್ದರು. ಇಂಗ್ಲೆಂಡಿನ ಅರಸನ ಆಸ್ಥಾನದವನೊಬ್ಬ ರಾಜಕಾರ್ಯಕ್ಕೆಂದು ಇಟಲಿಗೆ ಹೋದವನು, ಬರುವಾಗ ಅಲ್ಲಿಯ ಸಾನೆಟ್ಟಿನ ಕಟ್ಟು ತಂದನಂತೆ. ಹದಿನಾಲ್ಕೇ ಸಾಲು, ಎಂಟರಲ್ಲಿ ಒಂದು ಮಾತು ಕಟ್ಟಿ, ಉಳಿದ ಆರರಲ್ಲಿ ಅದನ್ನು ಹೊರಳಿಸುವುದು. ನನಗೆ ಆಸೆ ಹುಟ್ಟಿತು. ಎದ್ದು ಕೇಳಿದೆ: "ಸರ್, ಇದನ್ನ ಕನ್ನಡಕ್ಕ ತರಾಕ ಬರೂದಿಲ್ಲೇನ್ರಿ?"

"ಎಮ್ಮಿಗೆ ಪಾಯಜಾಮಾ ಹೊಲಿಸಾಕ ಬರತೈತಿ. ನೋಡಾವ್ರು ಯಾರಪಾ?"

ಕ್ಲಾಸೆಲ್ಲ ನಕ್ಕಿತು. ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಅಂವ ಇಟಲಿಯಿಂದ ತಂದಾಗ ಇಂಗ್ಲಿಷೂ ಎಮ್ಮೀನ ಇತ್ತಲ್ರಿ!"

ಅವರ ಮುಖ ಕೆಂಪಾಯಿತು. "ಬರಕೊಂಡು ಬಾ. ಹದಿನಾಲ್ಕು ಸಾಲು ನೆಟ್ಟಗಿದ್ರ ಕಾಲೇಜಿನ ಮ್ಯಾಗಝಿನ್ನಿನ್ಯಾಗ ಹಾಕತೇನಿ. ಇಲ್ಲಂದ್ರ ಇಲ್ಲೇ ನಿಂತು ತಪ್ಪಾತು ಅನ್ನಬೇಕು."

ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತ ಎಂಟು ದಿನ ಬರೆದೆ. ಸುಳ್ಳ ಎಂಬ ಊರಿನ ಹೊಲದಿಂದ ಅರಳೆ ಹೇರಿಕೊಂಡು ಬರುವ ಎತ್ತಿನ ಚಕ್ಕಡಿಯೇ ಅದರ ವಸ್ತು.

ಮೊದಲು ಓದಿದ್ದು ನಮ್ಮ ಕಾಕಾನ, ಅಂದರೆ ಚಿಕ್ಕಪ್ಪನ, ಮುಂದೆ. ಹುಬ್ಬಳ್ಳಿಯ ಗೋಪನಕೊಪ್ಪದ ನಮ್ಮ ಮನೆಯಲ್ಲಿ ಸೋಮವಾರಕ್ಕೊಮ್ಮೆ ಭಜನೆ. ಏಕತಾರಿ ಕಾಕಾನದು, ತಾಳ ನನ್ನದು. ನನಗೆ ಕನ್ನಡ ಅಂತ ಏನು ಬರುತ್ತದೋ ಅದೆಲ್ಲ ಅವರು ಹಾಡಿದ ಪದಗಳಿಂದ ಬಂದದ್ದು. ಆ ಸೋಮವಾರ ಭಜನೆಯಲ್ಲಿ ನಾನು ಓದಿದ್ದನ್ನು ಕಣ್ಣು ಮುಚ್ಚಿ ಕೇಳಿದರು.

"ಮುಗೀತೇನು? ಅಂಕಿತ ಎಲ್ಲಿ?"

ನಮ್ಮಲ್ಲಿ ಪದದ ಕೊನೆಗೆ ಗುರುವಿನದೋ ದೇವರದೋ ಹೆಸರು ಬರಲೇಬೇಕು. ಅದೇ ಅಂಕಿತ.

"ಇದಕ್ಕ ಅಂಕಿತ ಇರೂದಿಲ್ರಿ ಕಾಕಾ. ಇಟಲಿ ಕಡೀದು."

"ಅಪ್ಪನ ಹೆಸರಿಲ್ಲದ ಕೂಸನ್ನ ಅಷ್ಟು ದೂರದಿಂದ ಎತ್ತಿಕೊಂಡು ಬಂದೀಯೇನೋ? ಇಂಥಾದ್ದು ಬರಿಯೋ ಕೈಯಾಗ ತಾಳ ಬ್ಯಾಡ, ತಾ ಇಲ್ಲಿ."

ಭಜನೆಯವರೆಲ್ಲರ ಎದುರು ಕಸಿದುಕೊಂಡರು.

ಹಟಕ್ಕೆ ಬಿದ್ದು ಮನೆದೇವರ ಹೆಸರಿಟ್ಟು ಒಂದು ಸಾಲು ಸೇರಿಸಿದೆ. ಖರೇ ಹೇಳಬೇಕೆಂದರೆ, ಅಲ್ಲಿಯವರೆಗೆ ಹಾದಿಯಲ್ಲೇ ನಿಂತಿದ್ದ ಚಕ್ಕಡಿ ಆಗ ಮನೆಯಂಗಳಕ್ಕೆ ಬಂದಂತಾಯಿತು.

ಕ್ಲಾಸಿನಲ್ಲಿ ಪ್ರೊಫೆಸರರು ಪೆನ್ನಿನ ತುದಿಯಿಂದ ಎಣಿಸಿದರು. "ಹದಿನೈದು! ಎಣಸಾಕ ಬರೂದಿಲ್ಲ, ಸಾನೆಟ್ ಬರೀತಾನಂತ!" ಮತ್ತೆ ನಗೆ. ಕೆಂಪು ಮಸಿಯಲ್ಲಿ ಕೊನೆಯ ಸಾಲು ಹೊಡೆದುಹಾಕಿ, "ಈಗ ಛಲೋ ಆತು. ಹಾಕತೇನಿ, ಹೋಗು," ಅಂದರು.

ಗೆದ್ದಿದ್ದೆ. ಆದರೆ ಯಾವ ಸಾಲಿಲ್ಲವೆಂದು ತಾಳ ಕಳೆದುಕೊಂಡಿದ್ದೆನೋ ಅದೇ ಸಾಲು ಆ ಕೆಂಪು ಗೀಟಿನ ಕೆಳಗೆ ಬಿದ್ದಿತ್ತು.

"ಬ್ಯಾಡ್ರಿ. ನನ್ನ ಹಾಳಿ ನನಗ ಕೊಡ್ರಿ."

"ಹಂಗಾದ್ರ ತಪ್ಪಾತು ಅನ್ನು."

"ಅನ್ನೂದಿಲ್ರಿ."

ಆ ಪಿರಿಯಡ್ ಮುಗಿಯುವವರೆಗೂ ನಿಲ್ಲಿಸಿದರು, ನಿಂತೆ.

ಮುಂದಿನ ಸೋಮವಾರ ಭಜನೆಯ ನಡುವೆ, ಯಾರನ್ನೂ ಕೇಳದೆ, ಹದಿನೈದೂ ಸಾಲು ಓದಿದೆ. ಅಂಕಿತ ಬಂದಾಗ ಕಾಕಾ ರೂಢಿಯಂತೆ ಕೈ ಮುಗಿದರು. ತಾಳ ಮಾತ್ರ ಕೊಡಲಿಲ್ಲ.