ಎಂಟು ಗುಂಡಿಯ ಕೋಟು

ಆ ಹುಡುಗಿ ಅಳತೆಗೆ ಬಂದು ನಿಂತ ದಿನವೇ ಟೇಲರಮ್ಮನಿಗೆ ಅನುಮಾನ ಬಂದಿತ್ತು. ನಾಟಕದ ಕಂಪನಿಗೆ ಹೊಸದಾಗಿ ಸೇರಿದವರು ಅಳತೆ ಎಂದ ಕೂಡಲೇ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಳ್ಳುತ್ತಾರೆ. ಟೇಪು ತಗುಲಿದರೆ ಕಚಗುಳಿ ಎಂದು ನಗುತ್ತಾರೆ. ಕೈ ಎತ್ತಿ ಎಂದರೆ ಒಂದೇ ಕೈ ಎತ್ತುತ್ತಾರೆ. ಇವಳು ಹಾಗಲ್ಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಹೇಳುವ ಮೊದಲೇ ಎರಡೂ ಕೈಗಳನ್ನು ಮೈಯಿಂದ ಒಂದು ಗೇಣು ದೂರಕ್ಕೆ ಎತ್ತಿ, ನೆಟ್ಟಗೆ ಗೋಡೆ ನೋಡುತ್ತ ನಿಂತಳು. ಬೆನ್ನಿಗೆ ಹೆಬ್ಬೆರಳು ಸೋಕಿಸಿದರೆ ಸಾಕು, ಎಷ್ಟು ಬೇಕೋ ಅಷ್ಟೇ ತಿರುಗಿದಳು. ಉಡುಪಿನ ಕೋಣೆಯಲ್ಲಿ ತೊಟ್ಟಿಲು ಕಟ್ಟಿಸಿಕೊಂಡ ಮಕ್ಕಳಿಗೆ ಮಾತ್ರ ಬರುವ ವಿದ್ಯೆ ಅದು.

ಆಮೇಲೆ ಭುಜದ ಅಳತೆ. ಎಡಭುಜ ಬಲಕ್ಕಿಂತ ಅರ್ಧ ಇಂಚು ಕೆಳಗೆ. ಟೇಲರಮ್ಮನಿಗೆ ಅಕ್ಷರ ಅಷ್ಟಕ್ಕಷ್ಟೆ, ಆದರೆ ಅಳತೆ ಒಮ್ಮೆ ತಲೆಗೆ ಹೋಯಿತೆಂದರೆ ಕಲ್ಲಲ್ಲಿ ಕೊರೆದಂತೆ. ಇಪ್ಪತ್ತಾರು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಇಂಥದೇ ಒಂದು ಭುಜಕ್ಕೆ ಅವಳು ಹತ್ತಿ ತುಂಬಿ ಸರಿ ಮಾಡಿದ್ದಳು. ಆ ಭುಜದವಳು ಇಲ್ಲಿ ಮೂರು ನಾಟಕ ಮಾಡಿ ಸಿನಿಮಾಕ್ಕೆ ಹೋದಳು. ಈಗ ಅವಳ ಮುಖ ಬಸ್ಸಿನ ಬೆನ್ನ ಮೇಲೂ ಇರುತ್ತದೆ, ಸೋಪಿನ ಹೊದಿಕೆಯ ಮೇಲೂ ಇರುತ್ತದೆ.

"ನಿಮ್ಮಮ್ಮ ಚೆನ್ನಾಗಿದ್ದಾಳಾ?" ಎಂದಳು ಟೇಲರಮ್ಮ, ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ.

ಹುಡುಗಿ ಎತ್ತಿದ ಕೈ ಇಳಿಸಿಬಿಟ್ಟಳು. "ಅಜ್ಜೀ, ದಯವಿಟ್ಟು ಯಾರಿಗೂ ಹೇಳ್ಬೇಡಿ. ಹೇಳಿದ್ರೆ ನಾಳೆಯಿಂದ ಎಲ್ಲರೂ ನನಗೆ ಕುರ್ಚಿ ಕೊಡ್ತಾರೆ."

"ಕೊಟ್ರೆ ಕೂತ್ಕೋ. ಕಾಲಿಗೆ ಒಳ್ಳೇದು."

"ಕುರ್ಚಿ ಆದ್ಮೇಲೆ ಪಾತ್ರಾನೂ ಕೊಡ್ತಾರೆ. ಅದು ನನಗೆ ಕೊಟ್ಟಿದ್ದೋ ಅಮ್ಮನಿಗೆ ಕೊಟ್ಟಿದ್ದೋ ಅಂತ ನನಗೆ ಜನ್ಮದಲ್ಲಿ ಗೊತ್ತಾಗಲ್ಲ."

ಟೇಲರಮ್ಮ ಯೋಚಿಸಿದಳು. ಮಾತಿನಲ್ಲಿ ಹುರುಳಿತ್ತು. "ಬಾಯಲ್ಲಿ ಪಿನ್ನು ಇರೋ ತನಕ ನಾನು ಮಾತಾಡಲ್ಲ ಬಿಡು. ನನ್ನ ಬಾಯಲ್ಲಿ ಯಾವಾಗ್ಲೂ ಪಿನ್ನು ಇರುತ್ತೆ."

ಹುಡುಗಿಯದು ಅಪ್ಪನ ಮುಖ. ಹಾಗಾಗಿ ಬೇರೆ ಯಾರಿಗೂ ಗುರುತು ಸಿಗಲಿಲ್ಲ. ಸಾಲದ್ದಕ್ಕೆ ಅವಳ ಒಂದು ಫೋಟೋ ಕೂಡ ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲ. ತಾಯಿ ತೆರೆಯ ಮೇಲೆ ಹುಲಿ, ಮನೆಯಲ್ಲಿ ಇಲಿ. ಬಾಗಿಲ ಗಂಟೆ ಬಾರಿಸಿದರೆ ಸಾಕು, ತಾಯಿ ಮಗಳಿಬ್ಬರೂ ಒಂದೇ ಬಚ್ಚಲುಮನೆಗೆ ಓಡಿ ಚಿಲಕ ಹಾಕಿಕೊಳ್ಳುತ್ತಿದ್ದರಂತೆ. ಬಾಗಿಲು ತೆಗೆಯುವುದು, ಬಂದವರಿಗೆ ಹಲ್ಲು ಕಿರಿಯುವುದು, ಎರಡೂ ಅಪ್ಪನ ಪಾಲಿನ ಕೆಲಸ. "ಅಮ್ಮ ಒಳಗೆ ಕೂತು ನನ್ನ ಬಾಯಿ ಮುಚ್ಚೋಳು, ನಾನು ಅಮ್ಮನ ಬಾಯಿ ಮುಚ್ಚೋಳು," ಎಂದು ಹುಡುಗಿ ಒಮ್ಮೆ ಕೋಟಿಗೆ ಬ್ರಷ್ ಹಾಕುತ್ತ ಹೇಳಿ ನಕ್ಕಳು. ನಗುವಾಗಲೂ ಸದ್ದಿಲ್ಲ.

ಸದ್ದಿಲ್ಲದ್ದೇ ತೊಂದರೆಯಾಗಿತ್ತು. ಕಂಪನಿಯವರು ಅವಳಿಗೆ ಪಿಸು ಎಂದು ಹೆಸರಿಟ್ಟಿದ್ದರು, ಪಿಸುಮಾತಿನ ಪಿಸು. ಒಂದೂವರೆ ವರ್ಷ ಪಿಸು ತಟ್ಟೆ ಹಿಡಿದು ಬಂದಳು, ಗುಂಪಿನಲ್ಲಿ ನಿಂತಳು, ಪರದೆಯ ಹಿಂದೆ ಮಗುವಿನಂತೆ ಅತ್ತಳು. ಒಂದು ದಿನವೂ ತಡವಾಗಿ ಬಂದವಳಲ್ಲ. ಬೇರೆಯವರ ಮಾತುಗಳೆಲ್ಲ ಅವಳಿಗೆ ಬಾಯಿಪಾಠ. ಹೋಟೆಲಿನ ಕಥೆಯ ನಾಟಕವೊಂದರಲ್ಲಿ ಮುಖ್ಯ ಪಾತ್ರ ಮಾಡುತ್ತಿದ್ದವಳು ಹೆರಿಗೆಗೆ ಹೋದಾಗ, ನಾಟಕ ಕಲಿಸುವ ಮೇಷ್ಟ್ರಿಗೆ ಬೇರೆ ದಾರಿ ಇರಲಿಲ್ಲ.

"ಹತ್ತು ಆಟ ಕೊಡ್ತೀನಿ," ಎಂದರು ಎಲ್ಲರೆದುರು. "ಹತ್ತನೇ ಆಟಕ್ಕೆ ನಾನು ಕೊನೇ ಸಾಲಲ್ಲಿ ಕೂತಿರ್ತೀನಿ. ನಿನ್ನ ಮಾತು ಅಲ್ಲಿಗೆ ಬಂದ್ರೆ ಪಾತ್ರ ನಿನ್ನದು. ಬರಲಿಲ್ವೋ, ತಟ್ಟೆ ಎಲ್ಲಿದೆ ಅಂತ ನಿನಗೇ ಗೊತ್ತು."

ಪಾತ್ರ ಹೋಟೆಲಿನಲ್ಲಿ ನೆಲ ಒರೆಸುವ ಹೆಂಗಸಿನದು. ಅವಳು ಹಟ ಹಿಡಿದು ಲಿಫ್ಟ್ ನಡೆಸುವ ಕೆಲಸ ಗಿಟ್ಟಿಸಿಕೊಳ್ಳುತ್ತಾಳೆ. ಎರಡನೇ ದೃಶ್ಯ ಮುಗಿದು ಮೂರನೆಯದು ಶುರುವಾಗುವ ನಡುವೆ ನಲವತ್ತೈದು ಸೆಕೆಂಡು. ಅಷ್ಟರಲ್ಲಿ ಒರೆಸುವವಳ ಉಡುಪು ಹೋಗಿ ಲಿಫ್ಟಿನವಳ ಕೆಂಪು ಕೋಟು, ಟೋಪಿ ಬರಬೇಕು. ಕೋಟಿಗೆ ಎಂಟು ಗುಂಡಿ. ವೇದಿಕೆಯ ಪಕ್ಕದ ಕತ್ತಲೆ ಮೂಲೆಯಲ್ಲಿ ಟೇಲರಮ್ಮ ಹಿಂದಿನಿಂದ ಕೊಕ್ಕೆ ಬಿಚ್ಚಿ ಟೋಪಿ ಇಡುವಳು, ಇಸ್ತ್ರಿ ಅಕ್ಕ ಮುಂದಿನಿಂದ ಕೋಟು ತೊಡಿಸಿ ಗುಂಡಿ ಹಾಕುವಳು. ಒಂಬತ್ತು ಆಟ ಹಾಗೇ ನಡೆಯಿತು.

ಹತ್ತನೆಯದು ಭಾನುವಾರ ಮಧ್ಯಾಹ್ನ ಮೂರಕ್ಕೆ. ಎರಡೂವರೆಗೆ ನೆಲಮಾಳಿಗೆಯಲ್ಲಿದ್ದ ಉಡುಪಿನ ಕೋಣೆಯ ಬಾಗಿಲಲ್ಲಿ ತಲೆಗೆ ಬಟ್ಟೆ ಸುತ್ತಿ ಕಪ್ಪು ಕನ್ನಡಕ ಹಾಕಿದ ಹೆಂಗಸೊಬ್ಬಳು ನಿಂತಿದ್ದಳು. ಟೇಲರಮ್ಮ ಕನ್ನಡಕ ನೋಡಲಿಲ್ಲ, ಭುಜ ನೋಡಿದಳು.

"ನೀನ್ಯಾಕೆ ಬಂದೆ? ನಿನ್ನ ಮಗಳು ಬರಬೇಡ ಅಂದಿದ್ದಳಲ್ಲ?"

"ನೋಡಬೇಡ ಅಂದಳು ಅಕ್ಕ. ನಾನು ನೋಡಲ್ಲ. ಕೇಳ್ತೀನಿ ಅಷ್ಟೆ." ದೊಡ್ಡ ನಟಿ ಬಾಗಿಲ ಮೇಲಿನ ಪುಟ್ಟ ಸ್ಪೀಕರಿನ ಕಡೆ ಬೆರಳು ತೋರಿಸಿದಳು. ಮೇಲೆ ವೇದಿಕೆಯ ಮೇಲೆ ಆಡುವ ಮಾತೆಲ್ಲ ಕೆಳಗಿನವರಿಗೆ ಕೇಳಲೆಂದು ಇಟ್ಟ ಸ್ಪೀಕರು. "ಇನ್ನೂ ಅದೇ ಇದೆಯಲ್ಲ! ಒಂದು ಮೂಲೆ ಕೊಡಿ, ಸಾಕು."

ಬೈದು ಕಳಿಸಬೇಕಿತ್ತು. ಹುಡುಗಿಗೆ ಮಾತು ಕೊಟ್ಟಾಗಿತ್ತು. ಆದರೆ ಆಗಲೇ ಕಿವಿಯ ಮೇಲಿನ ಬಟ್ಟೆ ಸರಿಸಿಕೊಂಡು ನಿಂತವಳನ್ನು ನೋಡಿ ಟೇಲರಮ್ಮನ ಮನಸ್ಸು ಬೆಣ್ಣೆಯಾಯಿತು. ಇಸ್ತ್ರಿ ಅಕ್ಕನಿಗೆ, "ನಮ್ಮ ಪೈಕಿಯವಳು, ಗುಂಡಿ ವಿಂಗಡಿಸೋಕೆ ಬಂದಿದ್ದಾಳೆ," ಎಂದಳು. ಒಂದು ಡಬ್ಬಿ ಗುಂಡಿ ಕೊಟ್ಟು ಬಟ್ಟೆಯ ರಾಶಿಯ ಹಿಂದೆ ಕೂರಿಸಿದಳು.

ಒಂದನೇ ದೃಶ್ಯ ಕೇಳಿಸಿತು. ಪಿಸುವಿನ ದನಿ ತೆಳ್ಳಗಿದ್ದರೂ ಮುರಿಯಲಿಲ್ಲ. ತಾಯಿ ಬಿಳಿ ಗುಂಡಿಗಳ ಜೊತೆ ಕಪ್ಪು ಗುಂಡಿಗಳನ್ನೂ ಸೇರಿಸುತ್ತಿದ್ದಳು. ಎರಡನೇ ದೃಶ್ಯದ ಅರ್ಧಕ್ಕೆ ಇಸ್ತ್ರಿ ಅಕ್ಕ 'ಅಯ್ಯೋ!' ಎಂದು ಕೂಗಿದಳು. ಇಸ್ತ್ರಿಯ ಹಬೆ ಬಲಗೈಗೆ ಹೊಡೆದು ಬೆರಳೆಲ್ಲ ಕೆಂಪಗಾಗಿತ್ತು. ಅವಳ ಕೈಯನ್ನು ತಣ್ಣೀರಿಗೆ ಇಟ್ಟು ಟೇಲರಮ್ಮ ಗಡಿಯಾರ ನೋಡಿದಳು. ದೃಶ್ಯ ಮುಗಿಯಲು ಇನ್ನು ಆರು ನಿಮಿಷ. ಅವಳ ಮುದಿ ಬೆರಳಿಗೆ ಕೊಕ್ಕೆಯೂ ಗುಂಡಿಯೂ ಎರಡೂ ನಲವತ್ತೈದು ಸೆಕೆಂಡಿನಲ್ಲಿ ಆಗುವ ಮಾತಲ್ಲ.

"ಏಳು," ಎಂದಳು ರಾಶಿಯ ಹಿಂದೆ ಬಗ್ಗಿ.

"ನಾನಾ?"

"ಇನ್ಯಾರು, ಗೋಡೆನಾ? ಕೋಟು ತೊಡಿಸು, ಗುಂಡಿ ಹಾಕು. ಮಾತಾಡಬೇಡ. ಕತ್ತಲಲ್ಲಿ ಅವಳಿಗೆ ಗೊತ್ತಾಗಲ್ಲ."

ಮೂಲೆಯಲ್ಲಿ ಒಂದು ಮಿಣುಕು ನೀಲಿ ದೀಪ. ದೃಶ್ಯ ಮುಗಿದು ಪಿಸು ಓಡಿಬಂದಳು. ಟೇಲರಮ್ಮ ಹಿಂದಿನ ಕೊಕ್ಕೆಗಳನ್ನು ಪಟಪಟನೆ ಬಿಚ್ಚಿದಳು. ಮುಂದೆ ಏನೂ ನಡೆಯುತ್ತಿರಲಿಲ್ಲ. ಹುಡುಗಿಯ ಭುಜದ ಮೇಲಿಂದ ಇಣುಕಿದರೆ, ದೊಡ್ಡ ನಟಿ ಕೋಟನ್ನು ಒಂದು ಕೈಯಲ್ಲಿ ಜೋತುಹಾಕಿಕೊಂಡು, ಎರಡೂ ಕೈಗಳನ್ನು ಮೈಯಿಂದ ಒಂದು ಗೇಣು ದೂರಕ್ಕೆ ಎತ್ತಿ, ನೆಟ್ಟಗೆ ಗೋಡೆ ನೋಡುತ್ತ ನಿಂತಿದ್ದಾಳೆ! ಮೂವತ್ತು ವರ್ಷದ ಅಭ್ಯಾಸ. ಕತ್ತಲೆ, ಗಡಿಬಿಡಿ, ಉಡುಪು, ಮೂರೂ ಸೇರಿದರೆ ಯಾರಾದರೂ ಬಂದು ತನಗೆ ತೊಡಿಸುತ್ತಾರೆ ಎಂದೇ ಆ ಮೈಗೆ ಗೊತ್ತು.

ಪಿಸು ಒಂದು ಕ್ಷಣ ನೋಡಿದಳು. "ಅಮ್ಮಾ," ಎಂದಳು ಉಸಿರಲ್ಲೇ. "ಕೈ ಇಳಿಸು. ನಿನಗಲ್ಲ, ನನಗೆ."

ತಾಯಿ ಬೆಚ್ಚಿ ಕೋಟು ತೊಡಿಸಿದಳು, ಗುಂಡಿಗೆ ಕೈ ಹಾಕಿದಳು. ಕತ್ತಲಲ್ಲಿ ಬೆರಳು ತಡವರಿಸುತ್ತಿತ್ತು. ಏಳನೆಯದು ಹಾಕುವಷ್ಟರಲ್ಲಿ ವೇದಿಕೆಯ ಗಂಟೆ ಬಾರಿಸಿತು. ಪಿಸು ಬೆಳಕಿಗೆ ಹೋದ ಮೇಲೆಯೇ ಟೇಲರಮ್ಮನಿಗೆ ಕಂಡದ್ದು. ಮೇಲಿನ ಗುಂಡಿ ಎರಡನೇ ಕಾಜಕ್ಕೆ ಹೋಗಿತ್ತು, ಹಾಗೇ ಸಾಲಿಗೆ ಸಾಲೇ ತಪ್ಪಿ, ಕಾಲರಿನ ಒಂದು ಕಿವಿ ಮೇಲಕ್ಕೆದ್ದಿತ್ತು.

ನಾಟಕದಲ್ಲಿ ಹೋಟೆಲಿನ ಮ್ಯಾನೇಜರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, 'ಉಡುಪು ಸರಿಯಾಗಿದೆ, ಹೋಗಿ ನಿಲ್ಲು' ಎನ್ನಬೇಕು. ಆ ಪಾತ್ರದ ಹಿರಿಯ ನಟ ಬಾಯಿ ತೆರೆದ, ಮುಚ್ಚಿದ. ಸರಿಯಾಗಿದೆ ಎಂದು ಹೇಗೆ ಹೇಳುವುದು? ಜನ ಕಿಸಕ್ಕೆಂದರು. ಕೊನೆಯ ಸಾಲಿನಲ್ಲಿ ಮೇಷ್ಟ್ರು ಇದ್ದಾರೆ. ತಾಯಿ ಪರದೆಯ ಅಂಚನ್ನು ಹಿಂಡಿ ಹಿಡಿದಿದ್ದಳು.

ಪಿಸು ಬಗ್ಗಿ ತನ್ನ ಎದೆ ನೋಡಿಕೊಂಡಳು. ಗಡಿಬಿಡಿಯಿಲ್ಲ. ತಲೆ ಎತ್ತಿ, "ತೊಡಿಸಿದವರಿಗೆ ಇವತ್ತೇ ಮೊದಲ ದಿನ ಸಾರ್. ನನಗೂ ಅಷ್ಟೆ. ಮೇಲಿನ ಮಹಡಿ ಮುಟ್ಟೋ ಹೊತ್ತಿಗೆ ಇಬ್ಬರದ್ದೂ ಸರಿಹೋಗುತ್ತೆ," ಎಂದಳು. ನಗು ಎದ್ದು, ಚಪ್ಪಾಳೆಯಾಗಿ ಇಳಿಯಿತು. ಅವಳು ಲಿಫ್ಟಿನೊಳಗೆ ನಿಂತು ಒಂದೊಂದೇ ಗುಂಡಿ ಬಿಚ್ಚಿ ಹಾಕುತ್ತ ತನ್ನ ಉದ್ದನೆಯ ಮಾತನ್ನು ಹೇಳಿದಳು. ಕಿರುಚಲಿಲ್ಲ. ಜನವೇ ಕೆಮ್ಮು ತಡೆದುಕೊಂಡು ಕೇಳಿದರು.

ಆಟ ಮುಗಿದ ಮೇಲೆ ಮೇಷ್ಟ್ರು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದರು. ದೊಡ್ಡ ನಟಿ ಹೊರಡಲೆಂದು ತಲೆಬಟ್ಟೆ ಬಿಗಿಯುತ್ತಿದ್ದಳು, ಬೆನ್ನು ಬಾಗಿಲ ಕಡೆಗೆ.

"ಯಾರ್ರೀ ಇವತ್ತು ಕೋಟು ಹಾಕಿದ್ದು? ನೀವಾ? ಎಂಟರ ತನಕ ಎಣಿಸೋಕೆ ಬರಲ್ವಾ? ಆ ಹುಡುಗಿ ಹೆಂಗೋ ಬಚಾವಾದಳು. ಇಲ್ಲದಿದ್ರೆ ಅವಳ ಹಣೆಬರಹ ಇವತ್ತೇ ಮುಗಿದಿರೋದು, ಗೊತ್ತಾ ನಿಮಗೆ? ನಾಳೆಯಿಂದ ಬರಬೇಡಿ!"

ದೊಡ್ಡ ನಟಿ ತಿರುಗಲಿಲ್ಲ. ಅವಳ ದನಿ ಊರಿಗೆಲ್ಲ ಗೊತ್ತು. ಮಗಳ ಗುಟ್ಟು ಬಯಲಾಗಬಾರದೆಂದು, "ತಪ್ಪಾಯ್ತು," ಎಂದು ಗಂಟಲಲ್ಲೇ ಹೇಳಿ ಕುತ್ತಿಗೆ ಇನ್ನಷ್ಟು ಕುಗ್ಗಿಸಿದಳು. ಟೇಲರಮ್ಮ ಬಾಯಿಂದ ಒಂದೊಂದೇ ಪಿನ್ನು ತೆಗೆಯತೊಡಗಿದಳು. ಇನ್ನೂ ಮೂರು ಉಳಿದಿದ್ದಾಗ ಬಾಗಿಲಲ್ಲಿ ಪಿಸು ಕಾಣಿಸಿಕೊಂಡಳು, ಅರ್ಧ ಮುಖದಲ್ಲಿ ಬಣ್ಣ, ಕೈಯಲ್ಲಿ ಹತ್ತಿ.

"ಮೇಷ್ಟ್ರೇ, ಅವರಿಗೆ ಬೈಬೇಡಿ. ಅವರು ನಮ್ಮಮ್ಮ."

"ಯಾರಮ್ಮ ಆದ್ರೆ ನನಗೇನಮ್ಮ..." ಎನ್ನುವಷ್ಟರಲ್ಲಿ ಹೆಂಗಸು ತಿರುಗಿದಳು. ಮೇಷ್ಟ್ರು ಹಿಂದೆ ಇದ್ದ ಪೆಟ್ಟಿಗೆಯ ಮೇಲೆ ಧೊಪ್ಪನೆ ಕೂತರು. ಹುಡುಗಿ ಹತ್ತಿಯಿಂದ ಕಣ್ಣೊರೆಸಿಕೊಳ್ಳುತ್ತ ನಿಂತಳು. ಒಂದೂವರೆ ವರ್ಷ ಕಾಪಾಡಿಕೊಂಡು ಬಂದದ್ದನ್ನು ತಾನೇ ಬಿಟ್ಟುಕೊಟ್ಟಿದ್ದಳು.

"ಯಾಕೆ ಅಳ್ತಿದ್ದೀಯ?" ಎಂದರು ಮೇಷ್ಟ್ರು.

"ಇನ್ಮೇಲೆ ನೀವು ಪಾತ್ರ ಕೊಟ್ರೂ ನನಗೆ ಬೇಡ. ಅಮ್ಮನನ್ನ ನೋಡಿ ಕೊಟ್ಟಿದ್ದು ಅನ್ನಿಸುತ್ತೆ."

"ನಿನ್ನ ತಲೆ! ಪಾತ್ರ ನಿನ್ನದು ಅಂತ ಮೇಲೆ ಬೋರ್ಡಿಗೆ ಚೀಟಿ ಅಂಟಿಸಿಯೇ ಇಳಿದು ಬಂದೆ. ಅಂಟು ಇನ್ನೂ ಕೈಯಲ್ಲಿದೆ ನೋಡು." ಅಂಗೈ ಚಾಚಿದರು. ಪಿಸು ಅದನ್ನು ಮುಟ್ಟಿ ನೋಡಿದಳು. ಸಾಲದೆಂಬಂತೆ ಟೇಲರಮ್ಮನನ್ನೂ ಕರೆದು ಮುಟ್ಟಿಸಿದಳು. ಹಸಿ ಗೋಂದು, ನಿಜವೇ. ಆಮೇಲೆ ಹೋಗಿ ತಾಯಿಯ ಹೆಗಲಿಗೆ ಬಣ್ಣದ ಮುಖ ಒತ್ತಿದಳು. ತಾಯಿಯ ಬಿಳಿ ಅಂಗಿ ಅಲ್ಲಿಗೆ ಕೆಟ್ಟಿತು.

"ನಾಳೆಯಿಂದ ನಾನು ಬರಲೇಬಾರದಾ?" ಎಂದಳು ದೊಡ್ಡ ನಟಿ, ಮಗಳ ತಲೆಯ ಮೇಲಿಂದ.

"ಗುಂಡಿ ಹಾಕೋಕೆ ಬರಬೇಡಿ," ಎಂದರು ಮೇಷ್ಟ್ರು. "ಟಿಕೆಟ್ ತಗೊಂಡು ಬನ್ನಿ."

ವಿಷಯ ಊರಿಗೆಲ್ಲ ಹರಡಲು ಎರಡು ದಿನ ಸಾಕಾಯಿತು. ಕೆಲವರು ಪಿಸುವಿಗೆ ಕುರ್ಚಿ ಸರಿಸಿದರು. ಅವಳು ಅದರ ಮೇಲೆ ಕೋಟು ಇಟ್ಟಳು. 'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂದು ಇನ್ನು ಕೆಲವರು ಬಾಯಿ ಚಪ್ಪರಿಸಿದರು. ನೂಲು ಒಂದೇ ಆದರೂ ಹೊಲಿಯುವ ಕೈ ಬೇರೆ ಎಂದು ಟೇಲರಮ್ಮ ತನ್ನಷ್ಟಕ್ಕೆ ಅಂದುಕೊಂಡಳು.

ಮುಂದಿನ ಭಾನುವಾರ ತಾಯಿ ಕನ್ನಡಕವಿಲ್ಲದೆ, ಟಿಕೆಟ್ಟು ಕೊಂಡು, ಕೊನೆಯ ಸಾಲಿನಲ್ಲಿ ಬಂದು ಕೂತಳು. ಟೇಲರಮ್ಮ ಪರದೆಯ ಸಂದಿಯಿಂದ ನೋಡುತ್ತಿದ್ದಳು. ಇಡೀ ಸಭೆ ಕುತ್ತಿಗೆ ತಿರುಗಿಸಿ ಹಿಂದಕ್ಕೆ ನೋಡುತ್ತಿತ್ತು; ವೇದಿಕೆಯ ಕಡೆಗೆ ಬರೀ ಹೆಡತಲೆಗಳು. ದೀಪ ಆರಿತು, ಪರದೆ ಸರಿಯಿತು, ಪಿಸು ಬಕೆಟ್ಟು ಹಿಡಿದು ಬಂದು ನೆಲ ಒರೆಸುತ್ತ ತನ್ನ ಮೊದಲ ಮಾತು ಹೇಳಿದಳು. ಒಂದು ಸಾಲು ಮುಂದಕ್ಕೆ ತಿರುಗಿತು. ಆಮೇಲೆ ಅದರ ಹಿಂದಿನದು. ಟೇಲರಮ್ಮ ಎಣಿಸುತ್ತ ಹೋದಳು. ಲಿಫ್ಟಿನ ದೃಶ್ಯದ ಹೊತ್ತಿಗೆ ಇಬ್ಬರು ಮಾತ್ರ ಇನ್ನೂ ಹಿಂದಕ್ಕೆ ನೋಡುತ್ತಿದ್ದರು.